ಮಗು ಯಾರ ಪಾಲು?

(ಸಿಂಧನೂರಿನಲ್ಲಿ ಸ್ತ್ರೀಶಕ್ತಿ ಗುಂಪುಗಳ ಸದಸ್ಯೆಯರ ಮುಂದೆ ನಮ್ಮ ವರದಿಗಾರ್ತಿ ಆಡಿದ ಮಾತುಗಳ ಬರಹ ರೂಪ)



ನಾನು ವಕೀಲೆಯಲ್ಲ, ಪತ್ರಿಕೆಗೆ ಸುದ್ದಿ ಬರೆಯುವವಳು. ಸುದ್ದಿಗಾಗಿ ಕೋರ್ಟಿನ ಪಡಸಾಲೆಯಲ್ಲಿ ಕಾಯುತ್ತಿದ್ದಾಗ ಕಂಡದ್ದೊಂದನ್ನು ಮೊದಲು ಹೇಳಿಬಿಡುತ್ತೇನೆ. ಊರು, ಹೆಸರು ಬೇಡ. ಒಂದು ಬೆಂಚಿನ ಮೇಲೆ ಅವ್ವ, ಎದುರು ಬೆಂಚಿನ ಮೇಲೆ ಅಪ್ಪ. ಆರು ವರ್ಷದ ಹುಡುಗ ಅಜ್ಜಿಯ ಸೆರಗು ಹಿಡಿದು ನಡುವೆ ನಿಂತಿದ್ದ. 'ಆಯೀ, ನಾ ಯಾರ ಕಡಿಗೆ ನೋಡಬೇಕು?' ಎಂದು ಕೇಳಿದ. ಅಜ್ಜಿಗೆ ಉತ್ತರ ಹೊಳೆಯಲಿಲ್ಲ. ಒಳಗೆ ಕುಳಿತ ನ್ಯಾಯಾಧೀಶರ ಮುಂದೆ ಇದ್ದದ್ದೂ ಅದೇ ಪ್ರಶ್ನೆ.

ನಮ್ಮ ಕಡೆ ಗಂಡ ಹೆಂಡಿರ ಜಗಳ ಮೊದಲು ಹೋಗುವುದು ಹಿರಿಯರ ಕಟ್ಟೆಗೆ. ಅಲ್ಲಿ ಬಂಗಾರ, ಬಟ್ಟೆ, ಪಾತ್ರೆಗಳ ಲೆಕ್ಕವಾದ ಮೇಲೆ ಮಕ್ಕಳ ಲೆಕ್ಕ. 'ಗಂಡು ಅಪ್ಪಗ, ಹೆಣ್ಣು ಅವ್ವಗ' ಎಂದು ಛಾಪಾ ಕಾಗದದ ಮೇಲೆ ಬರೆದು ಹೆಬ್ಬೆಟ್ಟು ಒತ್ತಿಸಿದರೆ ಪಂಚಾಯ್ತಿ ಮುಗಿಯಿತು. ಅಣ್ಣ ತಂಗಿ ಬೇರೆಯಾದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇಂಥ ಕಾಗದ ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ ಎಂಬುದು ಇಂದು ನೀವು ಮೊದಲು ತಿಳಿಯಬೇಕಾದ ಸಂಗತಿ. ಮಗು ಹಂಚಿಕೊಳ್ಳುವ ಆಸ್ತಿಯಲ್ಲ, ತಂದೆತಾಯಿಯರ ಆಟಿಕೆಯೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ.

ಹಾಗಾದರೆ ಕಾನೂನು ಏನು ಹೇಳುತ್ತದೆ? ಹಳೆಯದು 1890ರ ಪಾಲಕರು ಮತ್ತು ಪ್ರತಿಪಾಲ್ಯರ ಕಾಯ್ದೆ. ವಕೀಲರ ಬಾಯಲ್ಲಿ ಅದು 'ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್'. ಅದು ಬ್ರಿಟಿಷ್ ಇಂಡಿಯಾದ ಕಾಯ್ದೆ. ನಮ್ಮ ರಾಯಚೂರು ಆಗ ನಿಜಾಮರ ಸೀಮೆ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ, 1951ರಲ್ಲಿ ಆ ಕಾಯ್ದೆ ಇಲ್ಲಿಗೂ ಬಂತು. ಎರಡನೆಯದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆ. ಅದು ಜಾರಿಯಾದದ್ದು ಆ ವರ್ಷದ ಆಗಸ್ಟಿನಲ್ಲಿ. ನವೆಂಬರ್ 1ರಂದು ನಮ್ಮ ಜಿಲ್ಲೆ ಕನ್ನಡ ನಾಡಿಗೆ ಸೇರಿತು.

ಈ ಎರಡನೆಯ ಕಾಯ್ದೆಯಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಇವೆ. ಆದರೆ ಪರಿಶಿಷ್ಟ ಪಂಗಡದವರಿಗೆ, ಕೇಂದ್ರ ಸರ್ಕಾರ ಬೇರೆ ಆದೇಶ ಹೊರಡಿಸದ ಹೊರತು, ಅದು ಅನ್ವಯಿಸುವುದಿಲ್ಲ. ಮಸ್ಕಿ, ಲಿಂಗಸುಗೂರಿನ ಊರೂರಲ್ಲಿರುವ ನಾಯಕ ಕುಟುಂಬಗಳು ಇದನ್ನು ನೆನಪಿಡಬೇಕು. ಹಾಗೆಂದು ಅವರಿಗೆ ದಾರಿಯಿಲ್ಲ ಎಂದಲ್ಲ, 1890ರ ಕಾಯ್ದೆ ಎಲ್ಲ ಜಾತಿ ಧರ್ಮದವರಿಗೂ ಇದೆ. ಮುಸ್ಲಿಮರಲ್ಲಿ, ಹನಫಿ ಪದ್ಧತಿಯಂತೆ, ಗಂಡು ಮಗು ಏಳು ವರ್ಷ ತುಂಬುವ ತನಕ, ಹೆಣ್ಣು ಮಗು ಮೈನೆರೆಯುವ ತನಕ ತಾಯಿಯ ಬಳಿ ಇರಬೇಕು. ಅವರ ವ್ಯಾಜ್ಯವೂ ನಡೆಯುವುದು 1890ರ ಕಾಯ್ದೆಯಡಿಯೇ.

1956ರ ಕಾಯ್ದೆ ಸಹಜ ಪಾಲಕರು ಯಾರು ಎಂಬುದಕ್ಕೆ 'ತಂದೆ, ಅವನ ನಂತರ ತಾಯಿ' ಎಂದಿತು. 'ನಂತರ' ಎಂದರೆ ಅವನು ಸತ್ತ ಮೇಲೆಯೇ? ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಹೋದಾಗ ತಾಯಿಯ ರುಜು ಸಾಲದು ಎನ್ನಲಾಯಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 'ನಂತರ' ಎಂದರೆ 'ತಂದೆಯ ಗೈರುಹಾಜರಿಯಲ್ಲಿ' ಎಂದು 1999ರಲ್ಲಿ ತೀರ್ಪಾಯಿತು. ತಂದೆ ಬದುಕಿದ್ದೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಪಾಲಕಿ.

ಆದರೆ ಪಾಲಕತ್ವ ಬೇರೆ, ಮಗು ಯಾರ ಬಳಿ ಇರಬೇಕು ಎಂಬ ಸುಪರ್ದಿ ಬೇರೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ತಾಯಿ ತಕ್ಕವಳಲ್ಲ ಎನ್ನುವ ತಂದೆ ಅದನ್ನು ತಾನೇ ಸಾಬೀತು ಮಾಡಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಐದು ದಾಟಿದ ಕೂಡಲೇ ಮಗು ತಂದೆಗೆ ಎಂಬುದು ಕಟ್ಟೆಯ ಮಾತೇ ಹೊರತು ಕಾನೂನಲ್ಲ. ಯಾವ ವಯಸ್ಸಿನಲ್ಲೂ ಅಳತೆಗೋಲು ಒಂದೇ: ಮಗುವಿನ ಹಿತ.

ಹಿತವನ್ನು ಅಳೆಯುವುದು ಹೇಗೆ? ಈತನಕ ಮಗುವನ್ನು ಎಬ್ಬಿಸಿ, ಉಣಿಸಿ, ಜ್ವರ ಬಂದಾಗ ಆಸ್ಪತ್ರೆಗೆ ಒಯ್ದವರು ಯಾರು? ಶಾಲೆ ಯಾವುದು, ಅದು ತಪ್ಪುತ್ತದೆಯೇ? ಮನೆಯಲ್ಲಿ ಕುಡಿತ, ಹೊಡೆತ ಇದೆಯೇ? ಒಡಹುಟ್ಟಿದವರು ಒಟ್ಟಿಗೆ ಇರಬಲ್ಲರೇ? ಮರುಮದುವೆಯಾಗಿದ್ದರೆ ಆ ಮನೆಯಲ್ಲಿ ಮಗುವಿನ ಸ್ಥಾನವೇನು? ಕಾಲುವೆ ನೀರಿನ ಭತ್ತದ ಗದ್ದೆ ಇರುವ ತಂದೆ, ಕೂಲಿಗೆ ಹೋಗುವ ತಾಯಿ ಎದುರುಬದುರಾದಾಗ ಹಣವೊಂದೇ ತಕ್ಕಡಿ ತೂಗುವುದಿಲ್ಲ. ಹಣವಿದ್ದವನು ಜೀವನಾಂಶ ಕೊಡಲಿ ಎಂದು ಕೋರ್ಟ್ ಹೇಳಬಲ್ಲದು. ಈ ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ. 2024ರ ಜುಲೈಯಿಂದ ಹೊಸ ಸಂಹಿತೆಯ 144ನೇ ಕಲಂ.

ಮಗುವನ್ನೂ ಕೇಳುತ್ತಾರೆ. ತಿಳಿದು ಹೇಳುವ ವಯಸ್ಸಾಗಿದ್ದರೆ ಅದರ ಇಷ್ಟವನ್ನು ಗಮನಿಸಬಹುದು ಎಂದು 1890ರ ಕಾಯ್ದೆಯೇ ಹೇಳಿದೆ. ನ್ಯಾಯಾಧೀಶರು ತಮ್ಮ ಕೊಠಡಿಗೆ ಕರೆದು, ಅಪ್ಪ ಅವ್ವ ಇಬ್ಬರನ್ನೂ ಹೊರಗಿಟ್ಟು ಮಾತನಾಡಿಸುತ್ತಾರೆ. 2008ರ ಪ್ರಕರಣವೊಂದರಲ್ಲಿ ತಾಯಿ ತೀರಿಕೊಂಡಿದ್ದಳು, ತಂದೆಯ ಮೇಲೆ ವರದಕ್ಷಿಣೆ ಸಾವಿನ ಆರೋಪವಿತ್ತು. ಕೆಳಗಿನ ಕೋರ್ಟುಗಳು ಮಗುವನ್ನು ತಂದೆಗೆ ಒಪ್ಪಿಸಿದ್ದವು. ಸುಪ್ರೀಂ ಕೋರ್ಟ್ ಹುಡುಗನನ್ನು ಕರೆಸಿ ಕೇಳಿ, ತಾಯಿಯ ತಂದೆತಾಯಿಯರ ಬಳಿಯೇ ಉಳಿಸಿತು. ಆದರೆ ಮಗುವಿನ ಬಾಯಲ್ಲಿ ಬರುವುದೆಲ್ಲ ಮಗುವಿನ ಮಾತೇ ಆಗಿರುವುದಿಲ್ಲ. ಒಬ್ಬರ ಬಳಿಯೇ ಬೆಳೆದ ಮಗುವಿನಲ್ಲಿ ಇನ್ನೊಬ್ಬರ ಮೇಲೆ ದ್ವೇಷ ಬಿತ್ತುವುದನ್ನು 2017ರ ತೀರ್ಪೊಂದು ಗಂಭೀರವಾಗಿ ಪರಿಗಣಿಸಿತು.

ಈಗ ನಮ್ಮ ಸೀಮೆಯ ನಿಜವಾದ ತೊಡಕಿಗೆ ಬರುತ್ತೇನೆ. ಅರ್ಜಿಯನ್ನು ಎಲ್ಲಿ ಹಾಕಬೇಕು? ಮಗು ಸಾಮಾನ್ಯವಾಗಿ ವಾಸಿಸುವ ಜಾಗದ ವ್ಯಾಪ್ತಿಯಲ್ಲಿ, ಎನ್ನುತ್ತದೆ 1890ರ ಕಾಯ್ದೆ. ಲಿಂಗಸುಗೂರು, ಮಸ್ಕಿಯ ಒಣ ಬೇಸಾಯದ ಊರುಗಳಿಂದ ಬೆಂಗಳೂರು, ಪುಣೆಗೆ ಗುಳೆ ಹೋಗುವ ಮನೆಯ ಮಗುವಿಗೆ 'ಸಾಮಾನ್ಯ ವಾಸ' ಯಾವುದು? ಮೂರು ತಿಂಗಳು ಕಟ್ಟಡದ ಪಕ್ಕದ ಜೋಪಡಿ, ಉಳಿದ ಕಾಲ ಊರಲ್ಲಿ ಅಜ್ಜಿಯ ಮನೆ. ತಾತ್ಕಾಲಿಕವಾಗಿ ಉಳಿದ ಜಾಗವನ್ನೋ ರಾತ್ರೋರಾತ್ರಿ ಎತ್ತಿಕೊಂಡು ಹೋದ ಜಾಗವನ್ನೋ ಸಾಮಾನ್ಯ ವಾಸವೆಂದು ನ್ಯಾಯಾಲಯಗಳು ಸುಲಭವಾಗಿ ಒಪ್ಪುವುದಿಲ್ಲ. ಅದಕ್ಕೇ ಶಾಲೆಯ ದಾಖಲೆ, ಅಂಗನವಾಡಿಯ ಪುಸ್ತಕ, ಲಸಿಕೆ ಕಾರ್ಡು, ಪಡಿತರ ಚೀಟಿ ಜೋಪಾನ. ಮಗು ಎಲ್ಲಿ ಬೆಳೆಯಿತು ಎಂಬುದಕ್ಕೆ ಬಡವರ ಸಾಕ್ಷಿ ಅವೇ.

ಸೋತವರು ಮಗುವನ್ನು ಮರೆಯಬೇಕೇ? ಇಲ್ಲ. ವಾರಾಂತ್ಯದ ಭೇಟಿ, ದಸರಾ ಬೇಸಿಗೆ ರಜೆಯ ಪಾಲು, ದೂರವಿದ್ದರೆ ಫೋನಿನ ವಿಡಿಯೊದಲ್ಲಿ ಮಾತು, ಇವನ್ನೆಲ್ಲ ಕೋರ್ಟ್ ಆದೇಶದಲ್ಲಿ ಬರೆಯುತ್ತದೆ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಜನವರಿಯಿಂದ ಜೂನ್ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ತಾಯಿಯ ಬಳಿ ಎಂದು ವರ್ಷವನ್ನೇ ಎರಡು ಮಾಡಿತು. 2015ರಲ್ಲಿ ಕಾನೂನು ಆಯೋಗವೂ ಜಂಟಿ ಸುಪರ್ದಿಯ ಶಿಫಾರಸು ಮಾಡಿತು. ಇಬ್ಬರೂ ಒಂದೇ ಊರಲ್ಲಿದ್ದರೆ ಇದು ಚೆಂದ. ಒಬ್ಬರು ಸಿಂಧನೂರಲ್ಲಿ, ಒಬ್ಬರು ಬೆಂಗಳೂರಲ್ಲಿ ಇದ್ದರೆ ಮಗುವಿನ ಶಾಲೆ ಏನಾಗಬೇಕು? ಎಲ್ಲರಿಗೂ ಒಗ್ಗುವ ಅಂಗಿ ಇದಲ್ಲ.

ಸುಪರ್ದಿಯ ಆದೇಶ ಕಲ್ಲಿನ ಮೇಲೆ ಕೊರೆದದ್ದಲ್ಲ. ಮಗು ಬೆಳೆದಂತೆ, ಸ್ಥಿತಿ ಬದಲಾದಂತೆ ಅದನ್ನು ಬದಲಿಸಲು ಮತ್ತೆ ಕೇಳಬಹುದು. ವಿಚ್ಛೇದನದ ಮೊಕದ್ದಮೆ ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಅಲ್ಲಿಯೇ ಕೇಳಬಹುದು, ಬೇರೆ ದಾವೆ ಬೇಕಿಲ್ಲ. ಮೇಲ್ಮನವಿಗೆ ಬೆಂಗಳೂರಿನ ದಾರಿ ಹಿಡಿಯಬೇಕಿಲ್ಲ, 2008ರಿಂದ ಹೈಕೋರ್ಟಿನ ಪೀಠ ಕಲಬುರಗಿಯಲ್ಲೇ ಇದೆ. ವಕೀಲರಿಗೆ ಕೊಡಲು ಹಣವಿಲ್ಲವೇ? 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೇಳಿ.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿದೆ ಎಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಒಳ್ಳೆಯದು ದೊಡ್ಡವರಿಗೆ ಮಾತ್ರ ದಕ್ಕುವುದು ಎಂದು ತಿಳಿಯಬೇಡಿ, ಸಣ್ಣವರಿಗೂ ದಕ್ಕುತ್ತದೆ ಎಂಬುದು ಆ ಶಾಸನದ ಸಾರ. ಕೋರ್ಟಿನ ಬಾಗಿಲೂ ಹಾಗೆಯೇ ಇರಬೇಕು. ಆದರೆ ಆ ಬಾಗಿಲು ಹೊಕ್ಕ ಮೇಲೆ ತೀರ್ಪಿಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿಯುತ್ತವೆ. ಅಷ್ಟರಲ್ಲಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಿರುತ್ತದೆ. ಆದ್ದರಿಂದ ಕಟ್ಟೆಯಲ್ಲಿ ಕೂಡುವ ಹಿರಿಯರಿಗೆ ನನ್ನದೊಂದೇ ಬಿನ್ನಹ. ಪಾತ್ರೆಯ ಲೆಕ್ಕಕ್ಕೆ ಮುಂಚೆ ಮಗುವಿನ ಮಾತು ತೆಗೆಯಿರಿ. ಯಾರಿಗೆ ಮಗು ಬೇಕು ಎಂದು ಕೇಳಬೇಡಿ. ಮಗುವಿಗೆ ಏನು ಬೇಕು ಎಂದು ಕೇಳಿ. ಕೋರ್ಟ್ ಕೊನೆಗೆ ಕೇಳುವುದೂ ಅದನ್ನೇ.