ಐದನೆಯ ಗುಬ್ಬಿ

ಮೊನ್ನೆ ಸೊಸೆ ಫೋನಿನಲ್ಲೇ ತರಕಾರಿ ತರಿಸಿದಳು. ಹತ್ತು ನಿಮಿಷಕ್ಕೆ ಚೀಲ ಬಾಗಿಲಿಗೆ ಬಂತು. ನನಗೋ ಬಿಲ್ಲು ಓದುವ ಚಟ. ಬೆಂಡೆಕಾಯಿ ಇಷ್ಟು, ಟೊಮೇಟೊ ಇಷ್ಟು ಎಂದು ಇಳಿಯುತ್ತ ಬಂದರೆ ಕೊನೆಯ ಸಾಲಿನಲ್ಲಿ ಕೊತ್ತಂಬರಿ ಸೊಪ್ಪು, ಅದರೆದುರು ಬೆಲೆ ಸೊನ್ನೆ. ನಗು ಬಂತು. ನಮ್ಮ ಹಳೆಯ ಕೊಸರು ಅಂತೂ ಬಿಲ್ಲಿಗೆ ಹತ್ತಿತು!

ಇದಕ್ಕೂ ಒಂದು ಕತೆಯಿದೆ. 2024ರ ಮೇ ತಿಂಗಳಲ್ಲಿ ಇದೇ ಮುಂಬಯಿಯ ಒಬ್ಬ ತಾಯಿ, ಕೊತ್ತಂಬರಿಗೂ ದುಡ್ಡು ಕೊಡಬೇಕೇ ಎಂದು ಹೌಹಾರಿದರಂತೆ. ಮಗ ಅದನ್ನು ಊರಿಗೆಲ್ಲ ಹೇಳಿದ. ಸಾಮಾನು ತಲುಪಿಸುವ ಕಂಪೆನಿಯವರು ತರಕಾರಿ ಕೊಂಡವರಿಗೆ ಅದನ್ನು ಬಿಟ್ಟಿ ಕೊಡತೊಡಗಿದರು. ನಮ್ಮ ಬಂಡಿಯವನು ಇಷ್ಟು ವರ್ಷ ಯಾರೂ ಹೇಳದೆಯೇ ಮಾಡಿಕೊಂಡು ಬಂದ ಕೆಲಸ. ಊರಿನಲ್ಲಿ ನಮ್ಮಜ್ಜಿಯಂತೂ ಕೊಸರು ಬೀಳದೆ ಚೀಲದ ಬಾಯಿ ಕಟ್ಟುತ್ತಿರಲಿಲ್ಲ.

ಬಿಲ್ಲು ಕೈಯಲ್ಲಿರುವಾಗಲೇ ನೆನಪಾದದ್ದು ಸುವಾರ್ತೆಯ ಗುಬ್ಬಿಗಳು. ಮತ್ತಾಯನ ಪ್ರಕಾರ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನ ಪ್ರಕಾರ ಎರಡು ಕಾಸಿಗೆ ಐದು. ಮಗ್ಗಿ ಬಲ್ಲವರಿಗೆ ಇಲ್ಲೇನೋ ತಪ್ಪಿದೆ ಅನ್ನಿಸುತ್ತದೆ. ಭಾನುವಾರದ ಶಾಲೆಯಲ್ಲಿ ನನಗೂ ಅನ್ನಿಸಿತ್ತು, ಕೇಳಿ ಬೈಸಿಕೊಂಡಿದ್ದೆ. ಸಂತೆಗೆ ಹೋಗಿ ಬಂದವರಿಗೆ ಗೊತ್ತು, ಐದನೆಯದು ಕೊಸರು. ಆ ಕಾಸಾದರೂ ಎಷ್ಟು? ರೋಮನರ ತಾಮ್ರದ ಪುಡಿನಾಣ್ಯ, ದಿನಗೂಲಿಯ ಹದಿನಾರನೆಯ ಒಂದು ಪಾಲು. ಬಡವರ ಮಾಂಸವೆಂದರೆ ಅದೇ, ಪುಕ್ಕ ಕಿತ್ತು ಕಟ್ಟಿಟ್ಟ ಗುಬ್ಬಿ. ಆ ಕಟ್ಟಿನಲ್ಲಿ ಬೆಲೆಯೇ ಇಲ್ಲದ್ದೊಂದು. ಅದನ್ನೂ ದೇವರು ಮರೆತಿಲ್ಲ ಎಂದು ಯೇಸು ಹೇಳಿದ್ದು. ಬೆಲೆ ಸೊನ್ನೆಯಾದರೂ ಪಟ್ಟಿಯಲ್ಲಿ ಹೆಸರಿದೆ, ನಮ್ಮ ಕೊತ್ತಂಬರಿಗೆ ಇರುವ ಹಾಗೆ.

ಮುಂಬಯಿಗೂ ಬಿದ್ದ ಗುಬ್ಬಿಗೂ ಹಳೆಯ ನಂಟು. ಕಳೆದ ಶತಮಾನದ ಆರಂಭದಲ್ಲಿ, ಖೇತವಾಡಿಯ ಮಾವನ ಮನೆಯಲ್ಲಿ ಬೆಳೆಯುತ್ತಿದ್ದ ತಬ್ಬಲಿ ಹುಡುಗನೊಬ್ಬ ಏರ್‌ಗನ್ನಿನಿಂದ ಗುಬ್ಬಿಯೊಂದನ್ನು ಹೊಡೆದ. ಕೈಗೆತ್ತಿಕೊಂಡು ನೋಡಿದರೆ ಕತ್ತಿನಲ್ಲಿ ಹಳದಿ ಮಚ್ಚೆ. ಇದು ಯಾವ ಗುಬ್ಬಿ, ನಾವು ತಿನ್ನಬಹುದೋ ಬಾರದೋ? ಮಾವ ಅಮೀರುದ್ದೀನ್ ತ್ಯಾಬ್ಜಿಗೂ ಗೊತ್ತಾಗಲಿಲ್ಲ. ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲ್ಲರ್ಡ್ ಸಾಹೇಬರ ಬಳಿಗೆ ಕಳಿಸಿದರು. ಸಾಹೇಬರು ಕಪಾಟು ತೆರೆದು ಹಕ್ಕಿಗಳನ್ನು ಒಂದೊಂದಾಗಿ ತೋರಿಸಿದರು. ಆ ಹುಡುಗ ಸಲೀಂ ಅಲಿ. ಮುಂದೆ ನಮ್ಮ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಮಾತಿನಿಂದಲೇ. 1985ರಲ್ಲಿ ಆತ್ಮಕಥೆ ಬರೆದಾಗ ಅವರು ಹೆಸರಿಟ್ಟದ್ದು 'ದಿ ಫಾಲ್ ಆಫ್ ಎ ಸ್ಪ್ಯಾರೋ', ಗುಬ್ಬಿಯ ಪತನ. ಹೆಸರು ಶೇಕ್ಸ್‌ಪಿಯರನ ಹ್ಯಾಮ್ಲೆಟ್‌ನಿಂದ ಬಂದದ್ದು, ಹ್ಯಾಮ್ಲೆಟ್‌ಗೆ ಮತ್ತಾಯನಿಂದ. ನಾಟಕದವನ ಬಾಯಿಂದ ಹಾದು, ಮುಸ್ಲಿಂ ಮನೆತನದ ಹಿರಿಯರೊಬ್ಬರ ಪುಸ್ತಕದ ಮುಖಪುಟ ಸೇರಿದ ಸುವಾರ್ತೆಯ ಗುಬ್ಬಿ! ಎಷ್ಟು ದೂರ ಹಾರಿತು ನೋಡಿ.

ಈ ಮಾತನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕೊತ್ತಂಬರಿಯ ಸುದ್ದಿ ಬಂದ ಅದೇ ಮೇ ತಿಂಗಳಲ್ಲಿ, 20ರ ರಾತ್ರಿ, ಘಾಟ್ಕೋಪರಿನ ಲಕ್ಷ್ಮೀನಗರದ ಸುತ್ತ ಆಕಾಶದಿಂದ ರಾಜಹಂಸಗಳು ಬಿದ್ದವು. ದುಬೈಯಿಂದ ಇಳಿಯಲು ಬರುತ್ತಿದ್ದ ವಿಮಾನಕ್ಕೆ ಹಿಂಡು ಸಿಕ್ಕಿಹಾಕಿಕೊಂಡಿತ್ತು. ವಿಮಾನ ಸುರಕ್ಷಿತವಾಗಿ ಇಳಿಯಿತು.

ಹಾರ್ಬರ್ ಲೈನಿನಲ್ಲಿ ಓಡಾಡುವವರಿಗೆ ಈ ಹಕ್ಕಿಗಳು ನೆರೆಹೊರೆಯವರಿದ್ದಂತೆ. ಚಳಿ ಬಿದ್ದಾಗ ಬರುತ್ತವೆ, ಮಳೆಗೆ ಮುಂಚೆ ಹೊರಡುತ್ತವೆ. 2019ರಲ್ಲಿ ಅದೇ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಎಣಿಸಿದಾಗ ಲಕ್ಷ ದಾಟಿದ್ದವು. ಗುಲಾಬಿ ಬಣ್ಣ ಅವಕ್ಕೆ ಹುಟ್ಟಿನಿಂದ ಬಂದದ್ದಲ್ಲ. ಮರಿ ಬೂದಿಬಣ್ಣದ್ದು, ತಿಂದ ಪಾಚಿಯಿಂದ ಮೆಲ್ಲನೆ ಕೆಂಪೇರುತ್ತದೆ. ಠಾಣೆ ಖಾರಿಯಲ್ಲಿ ಆ ಪಾಚಿ ಸೊಂಪಾಗಿರುವುದಕ್ಕೆ ನಾವು ಹರಿಬಿಟ್ಟ ಕೊಳಚೆಯೂ ಒಂದು ಕಾರಣ ಎನ್ನುತ್ತಾರೆ ಬಲ್ಲವರು. ನಮ್ಮ ಗಲೀಜು ಅವುಗಳ ಮೈಯಲ್ಲಿ ಗುಲಾಬಿಯಾಗುತ್ತದೆ. ಇದನ್ನು ಕೇಳಿದ ದಿನ ನನಗೆ ನಾಚಿಕೆಯಾಗಬೇಕೋ ಸಂತೋಷವಾಗಬೇಕೋ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಆ ರಾತ್ರಿ ಬಿದ್ದವನ್ನು ಜನ ಹುಡುಕಿದರು. ಅರಣ್ಯ ಇಲಾಖೆಯವರು, ಪ್ರಾಣಿರಕ್ಷಣೆಯ ಕಾರ್ಯಕರ್ತರು ಟಾರ್ಚು ಹಿಡಿದು ಗಲ್ಲಿ ಗಲ್ಲಿ ತಿರುಗಿದರು. ಮೊದಲು ಹೇಳಿದ ಸಂಖ್ಯೆ ಮರುದಿನ ಏರಿತು, ಆಮೇಲೆ ಇನ್ನಷ್ಟು ಏರಿತು. ಕೊನೆಗೆ ಮೂವತ್ತೊಂಬತ್ತಕ್ಕೆ ನಿಂತಿತು. ಪತ್ರಿಕೆಯಲ್ಲಿ ದಿನವೂ ಆ ಅಂಕಿಯನ್ನೇ ನೋಡುತ್ತಿದ್ದೆ. ಸತ್ತ ಹಕ್ಕಿಯನ್ನು ಎಣಿಸುವುದರಿಂದ ಯಾರಿಗೆ ಏನು ಬಂತು? ಆದರೂ ಮೂವತ್ತಾರು ಇದ್ದದ್ದು ಮೂವತ್ತೊಂಬತ್ತೆಂದು ತಿದ್ದಲು ಯಾರೋ ಮತ್ತೆ ಹೋಗಿ ಹುಡುಕಿದ್ದರಲ್ಲ!

ಗುಬ್ಬಿ ಬೀಳುವುದೇ ಇಲ್ಲ ಎಂದು ಯೇಸು ಎಲ್ಲಿಯೂ ಹೇಳಲಿಲ್ಲ. ಬೀಳುತ್ತದೆ ಎಂದೇ ಇಟ್ಟುಕೊಂಡು ಮಾತಾಡಿದರು. ಮರೆತಿಲ್ಲ ಎಂದಷ್ಟೇ ಅಂದರು. ಬಿದ್ದವರಿಗೆ, ಬಿದ್ದವರ ಮನೆಯವರಿಗೆ ಇಷ್ಟು ಸಾಕೇ? ಸಾಕಾಗದ ದಿನಗಳನ್ನು ನಾನೂ ನೋಡಿದ್ದೇನೆ. ಆಸ್ಪತ್ರೆಯ ಬೆಂಚಿನಲ್ಲಿ ಕೂತು, ಲೆಕ್ಕ ಇಟ್ಟುಕೊಂಡರೆ ಏನು ಬಂತು, ಹಿಡಿದುಕೊಳ್ಳಬಾರದಿತ್ತೇ ಎಂದು ಜಗಳ ತೆಗೆದದ್ದುಂಟು.

ರಾಜಹಂಸಗಳು ಬಿದ್ದ ಆ ಲಕ್ಷ್ಮೀನಗರದ ಹತ್ತಿರ, ಹೆದ್ದಾರಿಯಾಚೆ ಕಾಂಡ್ಲಾ ಕಾಡಿದೆ, ಮೊಣಕಾಲುದ್ದ ಕೆಸರು. ಅತ್ತ ಬಿದ್ದದ್ದು ಒಂದಿದ್ದರೆ ಟಾರ್ಚಿನ ಬೆಳಕಿಗೆ ಸಿಕ್ಕಿರಲಾರದು, ಬೆಳಗಿನ ಉಬ್ಬರಕ್ಕೆ ತೇಲಿ ಹೋಗಿರಬೇಕು. ನಲವತ್ತನೆಯದು.

ನಿನ್ನೆ ವಾಶಿ ಕಡೆ ಹೋಗುವುದಿತ್ತು. ಮಾನಖುರ್ದ್ ದಾಟಿ ಗಾಡಿ ಸೇತುವೆಗೆ ಹತ್ತಿದಾಗ ನೀರು ಇಳಿದಿತ್ತು, ಕೆಸರಿನ ಮೇಲೆ ಗುಲಾಬಿ ಸಾಲು. ಕಿಟಕಿಯ ಸರಳಿಗೆ ಹಣೆ ಒತ್ತಿ ಎಣಿಸತೊಡಗಿದೆ. ಇಪ್ಪತ್ತಮೂರಾಯಿತು, ಅಷ್ಟರಲ್ಲಿ ಎದುರಿನ ಗಾಡಿ ಅಡ್ಡ ಬಂತು.