ಚೆಂಡು ತಡೆದ ಕೈ ಕಟ್ಟಿಸಿದ ಆಸ್ಪತ್ರೆ

(ಕಾಲೇಜೊಂದರ ಕ್ರೀಡಾ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

ಬಹುಮಾನ ಹಂಚುವ ದಿನ ಅಂಕ ಗಳಿಸಿದವರ, ಪಂದ್ಯ ಗೆಲ್ಲಿಸಿದವರ ಕಥೆ ಹೇಳುವುದು ವಾಡಿಕೆ. ಇವತ್ತು ನಾನು ಹೇಳುವುದು ಎದುರಾಳಿಗೆ ಅಂಕ ದಕ್ಕದಂತೆ ತಡೆಯುವುದನ್ನೇ ಕಸುಬು ಮಾಡಿಕೊಂಡಿದ್ದ ಬಾಸ್ಕೆಟ್‌ಬಾಲ್ ಆಟಗಾರರೊಬ್ಬರ ಕಥೆ. ಹೆಸರು ಡಿಕೆಂಬೆ ಮುಟೊಂಬೊ. ಊರು ಆಫ್ರಿಕದ ಕಾಂಗೋ ದೇಶದ ರಾಜಧಾನಿ ಕಿನ್ಶಾಸಾ. 2024ರ ಸೆಪ್ಟೆಂಬರ್ 30ರಂದು, ಮಿದುಳಿನ ಕ್ಯಾನ್ಸರ್‌ನಿಂದ ಅವರು ತೀರಿಕೊಂಡಾಗ ವಯಸ್ಸು 58. ಅವರ ಹೆಸರು ನಮ್ಮಲ್ಲಿ ಅನೇಕರಿಗೆ ಅಷ್ಟಾಗಿ ಪರಿಚಿತವಲ್ಲ. ಆದರೆ ಅವರ ಬದುಕು ಎತ್ತುವ ಪ್ರಶ್ನೆ ಆಟವಾಡುವ ಪ್ರತಿಯೊಬ್ಬರಿಗೂ ಸಂಬಂಧಿಸಿದ್ದು: ಆಟ ನಮಗೆ ಕೊಟ್ಟದ್ದರಲ್ಲಿ ನಮ್ಮದೆಷ್ಟು, ಊರಿನದೆಷ್ಟು?

ಮುಟೊಂಬೊ ಹುಟ್ಟಿದ್ದು 1966ರ ಜೂನ್ 25ರಂದು. ಕಾಂಗೋ ಬೆಲ್ಜಿಯಂ ಆಳ್ವಿಕೆಯಿಂದ ಬಿಡುಗಡೆ ಪಡೆದು ಆಗ ಆರೇ ವರ್ಷವಾಗಿತ್ತು. ಹುಡುಗನ ಮೊದಲ ಒಲವು ಫುಟ್‌ಬಾಲ್. ಬಾಸ್ಕೆಟ್‌ಬಾಲ್ ಕೈಗೆ ಬಂದದ್ದು ತಡವಾಗಿ, ಅದೂ ಮನೆಯವರ ಒತ್ತಾಯದಿಂದ. 1987ರಲ್ಲಿ ಅಮೆರಿಕ ಸರ್ಕಾರದ ವಿದ್ಯಾರ್ಥಿವೇತನ ಪಡೆದು ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಬಂದರು. ಬಂದದ್ದು ಆಟಗಾರನಾಗಲು ಅಲ್ಲ, ವೈದ್ಯನಾಗಲು. ಓದಿ ಡಾಕ್ಟರಾಗಿ ಊರಿಗೆ ಮರಳಬೇಕು ಎಂಬುದು ಅವರ ಆಸೆ.

ಆಗ ಅವರಿಗೆ ಇಂಗ್ಲಿಷ್ ಬರುತ್ತಿದ್ದದ್ದು ಅಷ್ಟಕ್ಕಷ್ಟೆ. 7 ಅಡಿ 2 ಅಂಗುಲ ಎತ್ತರದ ಈ ವಿದ್ಯಾರ್ಥಿಯನ್ನು ವಿಶ್ವವಿದ್ಯಾಲಯದ ಹೆಸರಾಂತ ಕೋಚ್ ಜಾನ್ ಥಾಂಪ್ಸನ್ ತಂಡಕ್ಕೆ ಸೇರಿಸಿಕೊಂಡರು. ವೈದ್ಯಕೀಯದ ಹಾದಿ ಅಲ್ಲಿಗೆ ಬದಲಾಯಿತು. ಹಾಗೆಂದು ಓದು ಬಿಡಲಿಲ್ಲ. ಭಾಷಾಶಾಸ್ತ್ರ ಮತ್ತು ರಾಜತಂತ್ರ ಓದಿ 1991ರಲ್ಲಿ ಪದವಿ ಪಡೆದರು. ಮುಂದೆ ಒಂಬತ್ತು ಭಾಷೆಗಳನ್ನಾಡಬಲ್ಲವರೆಂದು ಹೆಸರಾದರು. ಅದೇ ವರ್ಷ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೆ ಆಟಗಾರರನ್ನು ಆರಿಸುವಾಗ ಡೆನ್ವರ್ ನಗೆಟ್ಸ್ ತಂಡ ನಾಲ್ಕನೆಯವರಾಗಿ ಇವರನ್ನು ತೆಗೆದುಕೊಂಡಿತು.

ಇಲ್ಲಿ ಅವರ ಕಸುಬಿನ ಬಗ್ಗೆ ಎರಡು ಮಾತು ಹೇಳಬೇಕು. ರಿಂಗ್ ನೆಲದಿಂದ 10 ಅಡಿ ಮೇಲಿರುತ್ತದೆ. ಎದುರಾಳಿ ಚೆಂಡು ಎಸೆದಾಗ ಅದು ಮೇಲೇರುತ್ತಿರುವಷ್ಟು ಹೊತ್ತು ಮಾತ್ರ ತಡೆಯಬಹುದು. ರಿಂಗಿನತ್ತ ಇಳಿಯತೊಡಗಿದ ಮೇಲೆ ಮುಟ್ಟಿದರೆ ಬುಟ್ಟಿಗೆ ಬಿದ್ದಂತೆಯೇ ಲೆಕ್ಕ. ಅಂದರೆ ಎತ್ತರವೊಂದೇ ಸಾಲದು. ಕ್ಷಣದ ಸಣ್ಣದೊಂದು ಭಾಗದಲ್ಲಿ, ಎಸೆಯುವವನ ಮನಸ್ಸನ್ನೇ ಓದಿದಂತೆ ನೆಗೆಯಬೇಕು. ಮುಟೊಂಬೊ ಹಾಗೆ ತಡೆದ ಚೆಂಡುಗಳು 3,289. ಎನ್‌ಬಿಎ ದಾಖಲೆಯಲ್ಲಿ ಇವರಿಗಿಂತ ಮುಂದಿರುವವರು ನೈಜೀರಿಯ ಮೂಲದ ಹಕೀಮ್ ಒಲಾಜುವನ್ ಒಬ್ಬರೇ. ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ ಇವರಿಗೆ ನಾಲ್ಕು ಸಲ ಸಂದಿತು.

ಎದುರಾಳಿಗೆ ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿ, ಮೇಲೆ ತೋರುಬೆರಳನ್ನು ಆ ಕಡೆ ಈ ಕಡೆ ಆಡಿಸುವುದು ಅವರ ರೂಢಿ. ಮಕ್ಕಳಿಗೆ ಅಜ್ಜ ‘ಉಹೂಂ, ಮುಟ್ಟಬೇಡ’ ಅನ್ನುವಾಗ ಆಡಿಸುತ್ತಾರಲ್ಲ, ಹಾಗೆ. ಎದುರಾಳಿಯ ಮುಖಕ್ಕೇ ಬೆರಳಾಡಿಸುವುದು ಅಗೌರವವೆಂದು ಲೀಗ್ ತಪ್ಪು ಹಿಡಿಯತೊಡಗಿತು. ಅವರು ಪ್ರೇಕ್ಷಕರ ಕಡೆ ತಿರುಗಿ ಆಡಿಸಿದರು!

1994ರಲ್ಲಿ ಪಟ್ಟಿಯ ಎಂಟನೆಯ ಸ್ಥಾನದಲ್ಲಿದ್ದ ಡೆನ್ವರ್, ಮೊದಲ ಸ್ಥಾನದ ಸಿಯಾಟಲ್ ತಂಡವನ್ನು ಎದುರಿಸಿತು. ಮೊದಲೆರಡು ಪಂದ್ಯ ಸೋತು, ಉಳಿದ ಮೂರನ್ನೂ ಗೆದ್ದಿತು. ಎಂಟನೆಯವರು ಮೊದಲನೆಯವರನ್ನು ಹೀಗೆ ಮಣಿಸಿದ್ದು ಲೀಗಿನಲ್ಲಿ ಅದೇ ಮೊದಲು. ಆ ಐದು ಪಂದ್ಯಗಳಲ್ಲಿ ಮುಟೊಂಬೊ 31 ಚೆಂಡುಗಳನ್ನು ತಡೆದಿದ್ದರು. ಕೊನೆಯ ಗಳಿಗೆ ಮುಗಿದಾಗ ಅವರು ನೆಲದ ಮೇಲೆ ಅಂಗಾತ ಮಲಗಿ, ಚೆಂಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಗುತ್ತಿದ್ದ ಚಿತ್ರ ಇಂದಿಗೂ ಆ ಆಟದ ಪ್ರಿಯರ ಕಣ್ಣಲ್ಲಿದೆ.

ಇಷ್ಟು ಆಟದ ಮಾತಾಯಿತು. ಇನ್ನು ಊರಿನ ಮಾತು.

1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಅವರ ದೇಶದ ಮಹಿಳಾ ಬಾಸ್ಕೆಟ್‌ಬಾಲ್ ತಂಡ ಬಂದಿತ್ತು. ಆಗ ದೇಶದ ಹೆಸರು ಝೈರ್. ಆ ಆಟಗಾರ್ತಿಯರ ಸಮವಸ್ತ್ರ ಮತ್ತು ಖರ್ಚುವೆಚ್ಚವನ್ನು ಮುಟೊಂಬೊ ತಾವೇ ಭರಿಸಿದರು. ಮರುವರ್ಷ, 1997ರಲ್ಲಿ, ಕಾಂಗೋದ ಜನರ ಆರೋಗ್ಯ ಮತ್ತು ಶಿಕ್ಷಣಕ್ಕೆಂದು ತಮ್ಮ ಹೆಸರಿನ ಪ್ರತಿಷ್ಠಾನ ಸ್ಥಾಪಿಸಿದರು.

ಆದರೆ ಅವರನ್ನು ಬಿಡದೆ ಕಾಡಿದ್ದು ಮನೆಯದೇ ಒಂದು ಸಾವು. ತೊಂಬತ್ತರ ದಶಕದ ಕೊನೆ. ಕಾಂಗೋದಲ್ಲಿ ಯುದ್ಧ, ಗಲಭೆಗಳ ಕಾಲ. ಕಿನ್ಶಾಸಾದ ಮನೆಯಲ್ಲಿ ತಾಯಿ ಬಿಯಾಂಬಾ ಮರೀ ಕಾಯಿಲೆಬಿದ್ದರು. ಬೀದಿಗಳು ಬಂದ್ ಆಗಿದ್ದವು. ಅವರನ್ನು ಆಸ್ಪತ್ರೆ ಮುಟ್ಟಿಸಲಾಗಲಿಲ್ಲ, ಪ್ರಾಣ ಹೋಯಿತು. ಮಗ ಸಮುದ್ರದಾಚೆ ಕೋಟ್ಯಂತರ ಡಾಲರ್ ಗಳಿಸುತ್ತಿದ್ದರು. ಆ ಹಣಕ್ಕೆ ತಾಯಿಯನ್ನು ಬೀದಿ ದಾಟಿಸುವ ಶಕ್ತಿ ಇರಲಿಲ್ಲ.

ಅಮ್ಮನ ಹೆಸರಿನಲ್ಲಿ ಊರಿಗೊಂದು ಆಸ್ಪತ್ರೆ ಕಟ್ಟಿಸುತ್ತೇನೆಂದು ಅವರು ಹೊರಟರು. 2001ರಲ್ಲಿ ಗುದ್ದಲಿ ಪೂಜೆ ಆಯಿತು, ಗೋಡೆ ಏಳಲಿಲ್ಲ. ದೇಣಿಗೆ ಎಣಿಸಿದಂತೆ ಬರಲಿಲ್ಲ. ಜಾಗ ಖಾಲಿ ಬಿದ್ದಿದೆಯೆಂದು ಸರ್ಕಾರ ವಾಪಸು ಪಡೆಯುವ ಹಂತಕ್ಕೂ ಬಂತು. ಯುದ್ಧದಿಂದ ನಿರಾಶ್ರಿತರಾದವರು ಅಲ್ಲಿ ಬೇಸಾಯಕ್ಕಿಳಿದಿದ್ದರು. ಅವರಿಗೆ ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಕಟ್ಟಡದ ಕೆಲಸ ಶುರುವಾದದ್ದು 2004ರಲ್ಲಿ. ಕಡೆಗೆ 2006ರ ಸೆಪ್ಟೆಂಬರ್‌ನಲ್ಲಿ, ಕಿನ್ಶಾಸಾದ ಅಂಚಿನ ಬಡ ಬಡಾವಣೆ ಮಾಸಿನಾದಲ್ಲಿ, 300 ಹಾಸಿಗೆಗಳ ಬಿಯಾಂಬಾ ಮರೀ ಮುಟೊಂಬೊ ಆಸ್ಪತ್ರೆಯ ಉದ್ಘಾಟನೆ ನಡೆಯಿತು. ತಗುಲಿದ ವೆಚ್ಚ 2.9 ಕೋಟಿ ಡಾಲರ್. ಅದರಲ್ಲಿ ಅರ್ಧಕ್ಕೂ ಹೆಚ್ಚು ಮಗನ ಜೇಬಿನದು. 2007ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಸಂಸತ್ತಿನ ಮುಂದೆ ಮಾಡಿದ ವಾರ್ಷಿಕ ಭಾಷಣದಲ್ಲಿ ಈ ಕೆಲಸವನ್ನು ಹೆಸರಿಸಿ ಮೆಚ್ಚಿದರು.

ಇಲ್ಲೊಂದು ತಕರಾರು ಏಳಬಹುದು. ಆಸ್ಪತ್ರೆ ಕಟ್ಟಿಸುವುದು ಸರ್ಕಾರದ ಕೆಲಸವಲ್ಲವೇ? ಒಬ್ಬ ಆಟಗಾರನ ಔದಾರ್ಯವನ್ನು ನಂಬಿ ಒಂದು ಊರಿನ ಆರೋಗ್ಯ ನಡೆದೀತೇ? ತಕರಾರು ಸರಿಯಾದದ್ದೇ. ಕಟ್ಟಡ ಕಟ್ಟುವುದು ಒಮ್ಮೆ. ದಾದಿಯರ ಸಂಬಳ, ಔಷಧಿ, ವಿದ್ಯುತ್ತು ಪ್ರತಿ ತಿಂಗಳಿನದು. ದಾನ ಎಂದೂ ಸರ್ಕಾರಕ್ಕೆ ಬದಲಿಯಾಗಲಾರದು. ಆದರೆ ನೋವು ತಿನ್ನುತ್ತಿರುವ ರೋಗಿಗೆ ‘ವ್ಯವಸ್ಥೆ ಸರಿಯಾಗಲಿ, ಅಲ್ಲಿಯತನಕ ತಾಳು’ ಎನ್ನಲಾಗುವುದೇ? ತಾಯಿಯ ಸಾವನ್ನು ಕಂಡ ಮಗನಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ.

ಆಸ್ಪತ್ರೆ ಬಾಗಿಲು ತೆರೆದಾಗಲೂ ಅವರು ಆಡುತ್ತಲೇ ಇದ್ದರು. ಡೆನ್ವರ್, ಅಟ್ಲಾಂಟಾ, ಫಿಲಡೆಲ್ಫಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್ ಸುತ್ತಿ, ಹ್ಯೂಸ್ಟನ್ ತಂಡದಲ್ಲಿದ್ದಾಗ 2009ರ ಏಪ್ರಿಲ್‌ನಲ್ಲಿ ಎಡ ಮಂಡಿಗೆ ಪೆಟ್ಟಾಯಿತು. ವಯಸ್ಸು 42. ಹದಿನೆಂಟು ಋತುಗಳ ಆಟ ಅಲ್ಲಿಗೆ ಮುಗಿಯಿತು. ಚಾಂಪಿಯನ್ ಪಟ್ಟ ಅವರಿಗೆ ಒಮ್ಮೆಯೂ ಸಿಗಲಿಲ್ಲ. 2001ರಲ್ಲಿ ಫಿಲಡೆಲ್ಫಿಯಾ ತಂಡದೊಂದಿಗೆ ಅಂತಿಮ ಸುತ್ತಿಗೆ ಬಂದು ಸೋತಿದ್ದರು. ಸಮಾಜಸೇವೆಗೆ ಲೀಗ್ ಕೊಡುವ ಪ್ರಶಸ್ತಿ ಮಾತ್ರ 2001 ಮತ್ತು 2009ರಲ್ಲಿ, ಎರಡು ಸಲ ಬಂತು. 2015ರಲ್ಲಿ ಬಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್ ಗೌರವವೂ ದೊರೆಯಿತು. 2021ರಲ್ಲಿ ತಂದೆ ಸ್ಯಾಮ್ಯುಯೆಲ್ ಅವರ ಹೆಸರಿನಲ್ಲಿ ಎಂಬುಜಿ-ಮಾಯಿ ನಗರದ ಹೊರವಲಯದಲ್ಲಿ ಶಾಲೆಯೊಂದನ್ನು ತೆರೆದರು. ತಾಯಿಯ ಹೆಸರಿಗೆ ಆಸ್ಪತ್ರೆ, ತಂದೆಯ ಹೆಸರಿಗೆ ಶಾಲೆ.

ಮಿತ್ರರೇ, ಡಾಕ್ಟರಾಗಲು ಹೋದ ಹುಡುಗ ಡಾಕ್ಟರಾಗಲಿಲ್ಲ. ಆದರೆ ಅವರು ಕಟ್ಟಿಸಿದ ಕೋಣೆಗಳಲ್ಲಿ ಡಾಕ್ಟರುಗಳು ರೋಗಿಯ ನಾಡಿ ಹಿಡಿದಿದ್ದಾರೆ, ತಾಯಂದಿರಿಗೆ ಹೆರಿಗೆ ಮಾಡಿಸಿದ್ದಾರೆ. ಇಂದು ಇಲ್ಲಿ ಕಪ್ಪು ಎತ್ತಿಕೊಂಡು ಹೋಗುವ ನಿಮ್ಮಲ್ಲಿ ಯಾರೂ ಮುಟೊಂಬೊ ಅವರಷ್ಟು ಗಳಿಸದಿರಬಹುದು. ಚಿಂತೆಯಿಲ್ಲ. ಅವರ ಮೊದಲ ಕೆಲಸ ಆಸ್ಪತ್ರೆಯಾಗಿರಲಿಲ್ಲ. ಆಟವಾಡಲು ಬಂದ ತಮ್ಮೂರಿನ ಹೆಣ್ಣುಮಕ್ಕಳಿಗೆ ಸಮವಸ್ತ್ರ ಕೊಡಿಸುವುದಾಗಿತ್ತು. ಅಷ್ಟನ್ನು ನಮ್ಮ ನಮ್ಮ ಊರಿನಲ್ಲಿ ನಾವೂ ಮಾಡಬಹುದು.