ಫಲಿತಾಂಶದ ದಿನ ನಮ್ಮ ಮನೆಗಳು
(ಹತ್ತನೆಯ ತರಗತಿಯ ರಕ್ಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ ತಿಂಗಳಲ್ಲಿ ಮುಗಿಯುತ್ತದೆ. ಫಲಿತಾಂಶ ಬರುವುದು ಮೇ ತಿಂಗಳಲ್ಲಿ. ನಡುವಿನ ಈ ವಾರಗಳು ನಮ್ಮ ಊರುಗಳಲ್ಲಿ ಮದುವೆ, ಗೃಹಪ್ರವೇಶ, ಕೋಲ, ಬಯಲಾಟಗಳ ಕಾಲ. ನಾಲ್ಕು ಜನ ಸೇರಿದಲ್ಲೆಲ್ಲ ಮಕ್ಕಳು ಎದುರಿಸುವ ಪ್ರಶ್ನೆ ಒಂದೇ: "ಎಷ್ಟು ಎ ಪ್ಲಸ್ ಬಂದೀತು?" ಕೇಳುವವರಿಗೆ ಅದು ಕುಶಲಪ್ರಶ್ನೆ, ಮಗುವಿಗೆ ಪ್ರತಿಸಲವೂ ಹೊಸದೊಂದು ಪರೀಕ್ಷೆ.

ಕಾಸರಗೋಡಿನ ನಮ್ಮ ಮಕ್ಕಳ ಹೆಗಲ ಮೇಲೆ ಇನ್ನೊಂದು ಹೊರೆಯೂ ಇದೆ. 1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿದ ಬಳಿಕ, ಮಗುವನ್ನು ಕನ್ನಡ ಮಾಧ್ಯಮಕ್ಕೆ ಸೇರಿಸುವುದು ಹಿರಿಯರು ಯೋಚಿಸಿ ಕೈಗೊಳ್ಳುವ ತೀರ್ಮಾನವಾಗಿದೆ. ಗ್ರೇಡು ಕಡಿಮೆಯಾದೊಡನೆ "ಇಂಗ್ಲಿಷ್ ಮಾಧ್ಯಮಕ್ಕೆ ಹಾಕಬೇಕಿತ್ತು" ಎಂಬ ಮಾತು ಕೆಲವು ಮನೆಗಳಲ್ಲಿ ಕೇಳಿಬರುತ್ತದೆ. ಆಗ ಮಗು ತನ್ನ ನಿರಾಸೆಯ ಜೊತೆಗೆ ತಂದೆತಾಯಿಯರ ಪಶ್ಚಾತ್ತಾಪವನ್ನೂ ಹೊರಬೇಕಾಗುತ್ತದೆ. ಕನ್ನಡವನ್ನು ಆಯ್ದವರು ನಾವು. ಅದರ ಹೊಣೆಯೂ ನಮ್ಮದೇ. ಹದಿನೈದರ ಹರೆಯದವರ ಗ್ರೇಡುಪಟ್ಟಿಯಲ್ಲಿ ಭಾಷೆಯ ಭವಿಷ್ಯವನ್ನು ಓದಲು ನಾವು ಹೋಗಬಾರದು. ಒಳ್ಳೆಯ ಫಲ ಬಂದಾಗ "ಕನ್ನಡದ ಮಾನ ಉಳಿಸಿದೆ" ಎಂದು ಹೊಗಳುವುದೂ ಮುಂದಿನ ಸಾಲಿನ ಮಕ್ಕಳಿಗೆ ಭಾರವೇ.

ಗ್ರೇಡು ಏನನ್ನು ಹೇಳುತ್ತದೆ ಎಂಬುದನ್ನೂ ಅರಿತಿರೋಣ. ಹತ್ತು ವಿಷಯಗಳು, ಎ ಪ್ಲಸ್‌ನಿಂದ ಇ ವರೆಗೆ ಒಂಬತ್ತು ಶ್ರೇಣಿಗಳು. ಶೇಕಡಾ 90 ಬಂದರೆ ಎ ಪ್ಲಸ್, 89 ಬಂದರೆ ಎ. ಆ ಒಂದಂಕದ ಅಂತರದಿಂದಲೇ ಒಬ್ಬರ ಭಾವಚಿತ್ರ ಪೇಟೆಯ ಫ್ಲೆಕ್ಸಿಗೇರುತ್ತದೆ, ಇನ್ನೊಬ್ಬರು ಮನೆಯ ಮೂಲೆ ಸೇರುತ್ತಾರೆ. ಉನ್ನತ ವ್ಯಾಸಂಗದ ಅರ್ಹತೆಗೆ ಬೇಕಾದುದು ಪ್ರತಿ ವಿಷಯದಲ್ಲಿ ಡಿ ಪ್ಲಸ್. ಅದು ದೊರೆಯದವರಿಗೆ ವರ್ಷ ವ್ಯರ್ಥವಾಗದಂತೆ 'ಸೇ' ಪರೀಕ್ಷೆಯಿದೆ. ಸಂದೇಹವಿದ್ದರೆ ಮರುಮೌಲ್ಯಮಾಪನಕ್ಕೂ ಉತ್ತರಪತ್ರಿಕೆಯ ನಕಲಿಗೂ ಅರ್ಜಿ ಸಲ್ಲಿಸಬಹುದು. ಅವಧಿ ಕೆಲವೇ ದಿನಗಳದ್ದಾದುದರಿಂದ ದುಃಖದಲ್ಲಿ ಅದನ್ನು ಕಳೆಯದೆ ಶಾಲೆಗೆ ಬನ್ನಿ.

ಅಲ್ಲಿಯ ತನಕ ಮಕ್ಕಳ ಊಟ, ನಿದ್ದೆ, ಆಟಗಳ ಹೊತ್ತು ತಪ್ಪದಿರಲಿ. ಉತ್ತರಗಳನ್ನು ಮತ್ತೆ ಮತ್ತೆ ಲೆಕ್ಕಹಾಕಿಸಬೇಡಿ. ಫಲಿತಾಂಶವನ್ನು ಮೊದಲು ಮಗುವೇ ನೋಡಲಿ. ಬಂಧುಗಳ ವಾಟ್ಸಾಪ್ ಗುಂಪಿಗೆ ತಿಳಿಸುವ ನಿರ್ಧಾರವೂ ಅದರದ್ದೇ ಆಗಿರಲಿ. ಅಂದು ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಮನೆಯಲ್ಲಿರಿ. ಮೊದಲ ಮಾತು "ಬಾ, ಊಟ ಮಾಡು" ಎಂದಾದರೆ ಸಾಕು; ಮುಂದಿನ ವಿಚಾರ ಮರುದಿನಕ್ಕಿರಲಿ. ಮಗು ಉಣ್ಣದೆ, ಮಲಗದೆ, ಯಾರೊಡನೆಯೂ ಮಾತಾಡದೆ ಇದ್ದರೆ, ಬದುಕಿನ ಬಗ್ಗೆ ನಿರಾಸೆಯ ನುಡಿಯಾಡಿದರೆ, ಅದನ್ನು ಹಟವೆಂದು ಗದರಬೇಡಿ, ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ 14416, ಕೇರಳದ 'ದಿಶಾ' 1056, ಈ ಎರಡು ಸಂಖ್ಯೆಗಳನ್ನು ಇಂದೇ ಬರೆದಿಟ್ಟುಕೊಳ್ಳಿ.

ಹಳೆ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ವಿನಂತಿ. ನೂರು ವರ್ಷಗಳಲ್ಲಿ ಈ ಶಾಲೆಯಿಂದ ಹೊರಟವರೆಲ್ಲ ಮೊದಲ ಸಾಲಿನವರಲ್ಲ. ಒಮ್ಮೆ ತಪ್ಪಿ ಮತ್ತೆ ಬರೆದವರು, ಸಾಧಾರಣ ಅಂಕ ಪಡೆದು ನೆಮ್ಮದಿಯ ಬದುಕು ಕಟ್ಟಿಕೊಂಡವರು ನಿಮ್ಮಲ್ಲೇ ಇದ್ದೀರಿ. ಆ ಕಥೆಯನ್ನು ಮಕ್ಕಳಿಗೆ ಹೇಳಿ. ನಮ್ಮ ಉಪದೇಶಕ್ಕಿಂತ ಅದು ಹೆಚ್ಚು ನಾಟೀತು.

ಫಲಿತಾಂಶದ ದಿನ ನಾವು ಶಿಕ್ಷಕರೆಲ್ಲರೂ ಸಂಜೆಯ ವರೆಗೆ ಶಾಲೆಯಲ್ಲಿರುತ್ತೇವೆ. ಗ್ರೇಡು ಏನೇ ಬರಲಿ, ಮಕ್ಕಳನ್ನು ಕರೆದುಕೊಂಡು ಬನ್ನಿ.